ನೀರುಹಕ್ಕಿಯನ್ನು ದೂರುವ ಮೊದಲು ನೀರನ್ನು ಕುದಿಸೋಣ

ಕಳೆದ ಮಳೆಗಾಲದಲ್ಲಿ ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿಯಿಂದ ಐದು ವರ್ಷದ ಬಾಲಕನೊಬ್ಬನನ್ನು ಅವನ ತಂದೆಯೂ ಅಜ್ಜಿಯೂ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಹತ್ತು ದಿನಗಳಿಂದ ನೀರಿನಂತಹ ಭೇದಿ, ಹೊಟ್ಟೆನುಲಿತ, ಆಗಾಗ ವಾಂತಿ. ಮಗುವಿನ ಕಣ್ಣು ಗುಳಿಬಿದ್ದಿತ್ತು. ಔಷಧದ ಅಂಗಡಿಯಿಂದ ತಂದ ಮಾತ್ರೆಗಳು ಫಲ ಕೊಟ್ಟಿರಲಿಲ್ಲ. ಆದರೆ ಮನೆಯವರಿಗೆ ರೋಗದ ಮೂಲ ಆಗಲೇ ಗೊತ್ತಾಗಿಬಿಟ್ಟಿತ್ತು. ಅಜ್ಜಿ ಹೇಳಿದರು: "ಡಾಕ್ಟರೇ, ಬಾತುಕೋಳಿಗಳಿಂದಲೇ ಬಂದ ಸೀಕು ಎಂದು ಎಲ್ಲರೂ ಹೇಳಿದರು. ಇದ್ದ ಆರನ್ನೂ ಕೊಟ್ಟುಬಿಟ್ಟೆವು. ಆದರೂ ಮದಕಕ್ಕೆ ಕಾಡುಹಕ್ಕಿಗಳು ಬರುವುದು ನಿಂತಿಲ್ಲ. ಪಂಚಾಯಿತಿಯವರಿಗೆ ಹೇಳಿ ಬ್ಲೀಚಿಂಗ್ ಪುಡಿ ಸುರಿಸಬೇಕೆಂದಿದ್ದೇವೆ." ಗುಡ್ಡದ ಇಳಿಜಾರಿನಲ್ಲಿ ಮಳೆನೀರು ನಿಲ್ಲುವಂತೆ ಕಟ್ಟಿದ ಕೆರೆಯನ್ನು ಈ ಕಡೆ ಮದಕ ಎನ್ನುತ್ತಾರೆ.

ಮನೆಯಲ್ಲಿ ಬೇರೆ ಯಾರಿಗಾದರೂ ಭೇದಿಯಿದೆಯೇ ಎಂದು ಕೇಳಿದೆವು. ಇಲ್ಲವೆಂದರು. ದನಕರುಗಳಿಗೆ ಎಂದು ಕೇಳಿದಾಗ ತಂದೆ ತುಸು ತಡೆದು, ಹಟ್ಟಿಯಲ್ಲಿ ಎರಡು ವಾರದ ಕರುವೊಂದು ಭೇದಿಯಿಂದ ಮಲಗಿದೆ ಎಂದರು. ಬಾವಿ ಎಲ್ಲಿದೆ ಎಂದು ಕೇಳಿದರೆ, ಹಟ್ಟಿಯ ಕೆಳಗಡೆ ಎಂಬ ಉತ್ತರ ಬಂತು. ಕುಡಿಯುವ ನೀರು ಕುದಿಸಿದ್ದೋ ಎಂಬ ಪ್ರಶ್ನೆಗೆ, ಹಿರಿಯರಿಗೆ ಬಿಸಿನೀರು, ಮಕ್ಕಳು ಮಾತ್ರ ಕೊಡಪಾನದಿಂದಲೇ ಕುಡಿಯುತ್ತಾರೆ ಎಂದರು. ಮಗುವಿನ ಮಲವನ್ನು ವಿಶೇಷ ಬಣ್ಣ ಹಾಕಿ ಪರೀಕ್ಷಿಸಬೇಕೆಂದು ಪ್ರಯೋಗಾಲಯಕ್ಕೆ ಬರೆದುಕೊಟ್ಟೆವು. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಏಕಕೋಶ ಪರೋಪಜೀವಿ ಕಂಡುಬಂತು. ಪಶುವೈದ್ಯರು ಕರುವಿನ ಸಗಣಿಯನ್ನು ಪರೀಕ್ಷಿಸಿದಾಗ ಅಲ್ಲಿಯೂ ಅದೇ ಇತ್ತು. ಮಗು ಚೇತರಿಸಿಕೊಂಡಿತು, ಕರು ಉಳಿಯಲಿಲ್ಲ.

ಈ ಒಂದು ಪ್ರಸಂಗವನ್ನು ಮುಂದಿಟ್ಟುಕೊಂಡು ಭಕ್ತಬಾಂಧವರೊಡನೆ ನಮ್ಮ ಅಭಿಪ್ರಾಯವನ್ನು ಹಂಚಿಕೊಳ್ಳಬೇಕೆನಿಸಿದೆ. ಹಕ್ಕಿ, ಪ್ರಾಣಿಗಳ ಕರುಳಿನ ಕ್ರಿಮಿಗಳ ವಿಷಯದಲ್ಲಿ ನಾವು ಅಂಜಬೇಕಾದ ಕಡೆ ಅಂಜದೆ, ಅಂಜಬಾರದ ಕಡೆ ಅಂಜುತ್ತಿದ್ದೇವೆ.

ಮೊದಲು ಈ ಜೀವಿಗಳ ಪರಿಚಯ ಅಗತ್ಯ. ಜಂತುಹುಳುಗಳಂತೆ ಇವು ಕಣ್ಣಿಗೆ ಕಾಣುವಂಥವಲ್ಲ. ಒಂದೇ ಜೀವಕೋಶದ ಪ್ರಾಣಿಗಳು. ಕರುಳಿನ ಹೊರಗೆ ಬಂದಾಗ ಗಟ್ಟಿ ಕವಚದೊಳಗೆ ಅಡಗಿ, ಮಣ್ಣಿನಲ್ಲೂ ನೀರಿನಲ್ಲೂ ವಾರಗಟ್ಟಲೆ, ತಂಪಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಇನ್ನೊಂದು ಬಾಯಿ ಸಿಕ್ಕಿದಾಗ ಕವಚ ಬಿಚ್ಚಿ ಕರುಳಿನಲ್ಲಿ ವೃದ್ಧಿಯಾಗುತ್ತವೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದ ಮೂಲಕ 1681ರಲ್ಲಿ ತನ್ನದೇ ಭೇದಿಯಲ್ಲಿ ಇಂತಹ ಜೀವಿಯನ್ನು ಕಂಡನು. ಅದನ್ನೇ ಇಂದು ಜಿಯಾರ್ಡಿಯಾ ಎನ್ನುತ್ತೇವೆ. ಕ್ರಿಪ್ಟೋಸ್ಪೊರಿಡಿಯಮನ್ನು ಅಮೆರಿಕದ ಟೈಜರ್ ಎಂಬ ವಿಜ್ಞಾನಿ 1907ರಲ್ಲಿ ಇಲಿಗಳಲ್ಲಿ ಗುರುತಿಸಿದರು. ಮನುಷ್ಯರಲ್ಲಿ ಅದು ರೋಗ ತರುತ್ತದೆಂದು ತಿಳಿದದ್ದು ಮಾತ್ರ 1976ರಲ್ಲಿ. ಅದರ ಕವಚದ ಕಣ ಎಷ್ಟು ಸೂಕ್ಷ್ಮವೆಂದರೆ, ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 200 ಕಣಗಳನ್ನು ಸಾಲಾಗಿ ಜೋಡಿಸಬಹುದು.

ನಮ್ಮ ಆಚಾರ್ಯರಿಗೆ ಸೂಕ್ಷ್ಮದರ್ಶಕವಿರಲಿಲ್ಲ. ಆದರೂ ಚರಕಸಂಹಿತೆಯ ವಿಮಾನಸ್ಥಾನವು ಇಪ್ಪತ್ತು ಬಗೆಯ ಕ್ರಿಮಿಗಳನ್ನು ಎಣಿಸುವಾಗ, ಅವುಗಳಲ್ಲಿ ಕೆಲವು ಅತಿ ಸೂಕ್ಷ್ಮವಾದುದರಿಂದ ಕಣ್ಣಿಗೆ ಗೋಚರಿಸವು ಎಂದು ಹೇಳಿದೆ. ಆಚಾರ್ಯರು ಹೇಳಿದ ಕ್ರಿಮಿಗಳೂ ಇಂದಿನ ಏಕಕೋಶ ಜೀವಿಗಳೂ ಒಂದೇ ಎಂದು ಸಾಧಿಸುವ ಹಟ ನಮಗಿಲ್ಲ. ಕಾಣದಿರುವುದು ಇಲ್ಲವೆಂದಲ್ಲ ಎಂಬ ಅವರ ಎಚ್ಚರ ಮಾತ್ರ ನಮಗೆ ಬೇಕು.

ಇನ್ನು ಯಾವ ಜೀವಿ ಯಾರದು ಎಂಬ ವಿಚಾರ. ಕೋಳಿಮರಿಗಳಲ್ಲಿ ರಕ್ತಭೇದಿ ಬಂದು ಗುಂಪುಗುಂಪಾಗಿ ಸಾಯುವುದನ್ನು ಸಾಕುವವರು ಕಂಡಿರುತ್ತಾರೆ. ಅದಕ್ಕೆ ಐಮೀರಿಯಾ ಎಂಬ ಪರೋಪಜೀವಿ ಕಾರಣ. ಕೋಳಿಯ ಐಮೀರಿಯಾ ಆಡಿಗೆ ಬಾರದು, ಆಡಿನದು ಕರುವಿಗೆ ಬಾರದು, ಯಾವುದೂ ಮನುಷ್ಯನಿಗೆ ಬಾರದು. ಬಾತುಮರಿಗಳ ಕರುಳನ್ನು ಕೆಡಿಸುವ ಇನ್ನೊಂದು ಜೀವಿಗೆ ಟೈಜೇರಿಯಾ ಎಂದು ಹೆಸರು. ಮೇಲೆ ಹೇಳಿದ ಟೈಜರ್ ಅವರ ಗೌರವಾರ್ಥ ಇಟ್ಟದ್ದು. ಅದೂ ಬಾತಿನ ಬಳಗವನ್ನು ಬಿಟ್ಟು ನಮ್ಮ ಕಡೆ ಬರುವುದಿಲ್ಲ. ಬಕ, ಕೊಕ್ಕರೆಗಳ ಜಾತಿಯಲ್ಲಿ ಕಾಣುವ ಜಿಯಾರ್ಡಿಯಾ ಕೂಡ ಮನುಷ್ಯರಲ್ಲಿ ಕಾಣುವುದಕ್ಕಿಂತ ಭಿನ್ನವಾದುದು. ಅಂದರೆ ನೀರುಹಕ್ಕಿಯ ಸ್ವಂತ ಕರುಳಿನ ಕ್ರಿಮಿಗಳು ಬಹುಪಾಲು ಅದರದೇ ಕಷ್ಟ, ನಮ್ಮದಲ್ಲ.

ಮನುಷ್ಯನ ಆಮಶಂಕೆಗೆ ಕಾರಣವಾದ ಅಮೀಬಾ ಮನುಷ್ಯನಿಂದಲೇ ಮನುಷ್ಯನಿಗೆ ಬರುತ್ತದೆ. ಅದಕ್ಕೆ ಹಕ್ಕಿಯನ್ನಾಗಲಿ ಹಸುವನ್ನಾಗಲಿ ದೂರುವಂತಿಲ್ಲ. ನಮ್ಮ ಶೌಚದ ಗುಂಡಿಯನ್ನೇ ನೋಡಬೇಕು. ಕ್ರಿಪ್ಟೋಸ್ಪೊರಿಡಿಯಮ್‌ನ ಒಂದು ಪ್ರಭೇದ ಮನುಷ್ಯರಿಂದ ಮನುಷ್ಯರಿಗೂ, ಇನ್ನೊಂದು ಎಳಗರುಗಳಿಂದ ಮನುಷ್ಯರಿಗೂ ಹರಡುತ್ತದೆ. ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಕರುಗಳಿಗೆ ಇದು ಹೆಚ್ಚು ತಗುಲುತ್ತದೆ. ರೋಗಿ ಕರುವೊಂದು ದಿನಕ್ಕೆ ಕೋಟಿಗಟ್ಟಲೆ ಕಣಗಳನ್ನು ಹೊರಹಾಕಬಲ್ಲುದು. ಮನುಷ್ಯನಿಗೆ ರೋಗ ಬರಲು ಹತ್ತಾರು ಕಣಗಳು ಸಾಕು.

ಹಾಗಾದರೆ ಹಕ್ಕಿಯ ಪಾತ್ರವೇನೂ ಇಲ್ಲವೇ? ಇದೆ, ಅದನ್ನು ಮರೆಮಾಚಬಾರದು. ಬಾತುಕೋಳಿಗಳಿಗೆ ಕರುವಿನಿಂದ ಬಂದ ಕ್ರಿಪ್ಟೋಸ್ಪೊರಿಡಿಯಮ್ ಕಣಗಳನ್ನು ತಿನ್ನಿಸಿ ನೋಡಿದ ವಿಜ್ಞಾನಿಗಳಿದ್ದಾರೆ. ಬಾತಿಗೆ ರೋಗ ಬರಲಿಲ್ಲ; ಆದರೆ ಕಣಗಳು ಜೀರ್ಣವಾಗದೆ ಹಿಕ್ಕೆಯಲ್ಲಿ ಹೊರಬಂದವು, ಹೊರಬಂದ ಮೇಲೂ ಸೋಂಕು ತಗುಲಿಸುವ ಶಕ್ತಿಯನ್ನು ಉಳಿಸಿಕೊಂಡಿದ್ದವು. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ ಹೊಲಗಳಲ್ಲಿ ಮೇಯುವ ಕಾಡು ಹೆಬ್ಬಾತುಗಳ ಹಿಕ್ಕೆಯಲ್ಲಿಯೂ ಇವು ಕಂಡುಬಂದವು. ನಮ್ಮಲ್ಲಿಯೂ ಗೋವಕ್ಕಿ ಹಟ್ಟಿಯ ಸುತ್ತ ಓಡಾಡುತ್ತದೆ, ಹುಂಡುಕೋಳಿ ತೋಡಿನ ಕೆಸರಿನಲ್ಲಿ ಹುಳು ಹೆಕ್ಕುತ್ತದೆ, ಸಾಕಿದ ಬಾತು ಗೊಬ್ಬರದ ಗುಂಡಿಯಿಂದ ನೇರವಾಗಿ ಕೆರೆಗೆ ಇಳಿಯುತ್ತದೆ. ನಾವು ಬಯಲಿನಲ್ಲಿ ಬಿಟ್ಟ ಮಲವನ್ನೂ ಹಟ್ಟಿಯ ಸಗಣಿಯನ್ನೂ ಅವು ಕಾಲಿನಲ್ಲಿ, ಹೊಟ್ಟೆಯಲ್ಲಿ ಹೊತ್ತು ನೀರಿಗೆ ತರಬಲ್ಲವು. ಹಾಗೆ ಹೊತ್ತು ತಂದ ಹಕ್ಕಿಯನ್ನು ಓಡಿಸಿದ ಮಾತ್ರಕ್ಕೆ ಮಲ ಅಲ್ಲಿಂದ ಹೋಗುವುದಿಲ್ಲ. ಮಳೆನೀರು ಅದೇ ಕೆಲಸವನ್ನು ಹಕ್ಕಿಗಿಂತ ನೂರು ಪಟ್ಟು ಚೆನ್ನಾಗಿ ಮಾಡುತ್ತದೆ.

ಚರಕರು ಜನಪದೋದ್ಧ್ವಂಸವನ್ನು, ಎಂದರೆ ಊರಿಗೆ ಊರೇ ರೋಗಕ್ಕೆ ಬೀಳುವ ಸ್ಥಿತಿಯನ್ನು ವಿವರಿಸುವಾಗ ಕೆಟ್ಟ ನೀರಿನ ಲಕ್ಷಣಗಳನ್ನು ಹೇಳುತ್ತಾರೆ. ವಾಸನೆ, ಬಣ್ಣ, ರುಚಿ, ಸ್ಪರ್ಶಗಳು ವಿಕಾರಗೊಂಡಿರುವುದು ಒಂದು ಲಕ್ಷಣ. ಜಲಚರ ಪಕ್ಷಿಗಳು ಬಿಟ್ಟು ಹೋಗಿರುವುದು ಇನ್ನೊಂದು. ಭಕ್ತರು ಈ ಮಾತನ್ನು ಗಮನಿಸಬೇಕು. ಹಕ್ಕಿ ಬಂದ ನೀರು ಕೆಟ್ಟದ್ದೆಂದು ಆಚಾರ್ಯರು ಹೇಳಲಿಲ್ಲ. ಹಕ್ಕಿ ತೊರೆದ ನೀರು ಕೆಟ್ಟದ್ದೆಂದರು. ಮದಕಕ್ಕೆ ಬ್ಲೀಚಿಂಗ್ ಪುಡಿ ಸುರಿದು ಮೀನು, ಕಪ್ಪೆ, ಹಕ್ಕಿಗಳನ್ನು ಇಲ್ಲವಾಗಿಸಿದರೆ ಆಚಾರ್ಯರು ಹೇಳಿದ ಕೆಟ್ಟ ನೀರನ್ನು ನಾವೇ ಕೈಯಾರೆ ಸಿದ್ಧಪಡಿಸಿದಂತಾಗುತ್ತದೆ. ಹಾಗೆಂದು ಹಕ್ಕಿ ಇರುವ ನೀರೆಲ್ಲ ಕುಡಿಯಲು ಯೋಗ್ಯವೆಂದೂ ಅರ್ಥವಲ್ಲ. ಹಕ್ಕಿಗೆ ಕೆರೆ ಬೇಕು, ನಮಗೆ ಕುದಿಸಿದ ನೀರು ಬೇಕು.

ಕುದಿಸುವುದನ್ನೇ ಏಕೆ ಒತ್ತಿ ಹೇಳುತ್ತೇವೆಂದರೆ, ಬಾವಿಗೆ ಹಾಕುವ ಕ್ಲೋರಿನ್ ಕಾಲರಾದಂತಹ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಷ್ಟು ಸುಲಭವಾಗಿ ಕ್ರಿಪ್ಟೋಸ್ಪೊರಿಡಿಯಮನ್ನು ಕೊಲ್ಲಲಾರದು. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಣ ಘಟಕದಿಂದ ಬಂದ, ಕ್ಲೋರಿನ್ ಹಾಕಿದ ನಲ್ಲಿನೀರನ್ನು ಕುಡಿದು ಸುಮಾರು 4 ಲಕ್ಷ ಜನ ಭೇದಿಗೆ ತುತ್ತಾದರು. ಸೋಸುವಿಕೆ ಸರಿಯಾಗದೆ ಈ ಕಣಗಳು ನುಸುಳಿದ್ದವು. ಅಷ್ಟು ವ್ಯವಸ್ಥೆಯುಳ್ಳ ನಗರಕ್ಕೇ ಹೀಗಾದ ಮೇಲೆ, ವರ್ಷಕ್ಕೊಮ್ಮೆ ಬಾವಿಗೆ ಪುಡಿ ಹಾಕಿ ನಿಶ್ಚಿಂತರಾಗುವ ನಮ್ಮ ಗತಿಯೇನು? ಕ್ಲೋರಿನ್ ಬೇಡವೆಂದು ನಾವು ಹೇಳುತ್ತಿಲ್ಲ. ಅದೊಂದೇ ಸಾಲದು ಎನ್ನುತ್ತಿದ್ದೇವೆ.

ಬಟ್ಟೆಯಲ್ಲಿ ಸೋಸುವುದು ಒಳ್ಳೆಯ ಸಂಪ್ರದಾಯವೇ. ಸುಶ್ರುತರು ಕದಡಿದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳಲ್ಲಿ ಬಟ್ಟೆಯನ್ನೂ ಚಿಲ್ಲದ ಬೀಜವನ್ನೂ ಸೇರಿಸಿದ್ದಾರೆ. ಚಿಲ್ಲದ ಬೀಜ ತೇದು ಕಲಸಿದರೆ ಕೆಸರು ತಳಕ್ಕಿಳಿಯುವುದನ್ನು ಈಗಲೂ ನೋಡಬಹುದು. ಆದರೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೂ ಅದರ ಎಳೆಗಳ ನಡುವೆ ಈ ಕಣಗಳು ಸರಾಗವಾಗಿ ದಾಟುತ್ತವೆ. ತಿಳಿನೀರು ಎಂಬುದೂ ಶುದ್ಧನೀರು ಎಂಬುದೂ ಒಂದೇ ಅಲ್ಲ. ಸೋಸಿದ ನೀರು ಕುದಿಯೆದ್ದು ಮರಳತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಈ ಮೂರೂ ಜೀವಿಗಳು ಸಾಯುತ್ತವೆ. ಅಷ್ಟಾಂಗಹೃದಯವು ಕುದಿಸಿ ಆರಿಸಿದ ನೀರನ್ನು ಲಘುವೆಂದು ಹೊಗಳಿ, ಅದನ್ನೇ ರಾತ್ರಿ ಕಳೆದು ಹಳತಾಗಿಸಿದರೆ ದೋಷಕರವೆಂದಿದೆ. ದಿನದ ನೀರನ್ನು ದಿನವೇ ಕುದಿಸಿ, ಮುಚ್ಚಿಟ್ಟು, ಕೈ ಅದ್ದದೆ ಹಿಡಿಕೆಯ ಸೌಟಿನಿಂದ ತೆಗೆದುಕೊಳ್ಳುವುದು ಎರಡೂ ಶಾಸ್ತ್ರಗಳಿಗೆ ಒಪ್ಪುವ ಕ್ರಮ.

ಈ ಸೀಮೆಯಲ್ಲಿ ಇದು ಏಕೆ ಇನ್ನೂ ಮುಖ್ಯವೆಂದು ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನೆಲವೋ ತೂತುತೂತಾದ ಮುರಕಲ್ಲು. ಮೇಲೆ ಬಿದ್ದ ನೀರು ಬೇಗನೆ ಒಳಗಿಳಿದು ಬಾವಿ ಸೇರುತ್ತದೆ. ಮನೆ, ಹಟ್ಟಿ, ಗೊಬ್ಬರದ ಗುಂಡಿ, ಶೌಚದ ಗುಂಡಿ, ಬಾವಿ, ಅಡಿಕೆ ತೋಟ, ಎಲ್ಲವೂ ಒಂದೇ ಇಳಿಜಾರಿನಲ್ಲಿರುತ್ತವೆ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುವುದನ್ನು ಕಂಡು ನಾವು ಹಿಗ್ಗುತ್ತೇವೆ. ಅದೇ ಸಮಯದಲ್ಲಿ ಗುಂಡಿಗೂ ಬಾವಿಗೂ ನಡುವಣ ಅಂತರ ಕಿರಿದಾಗಿರುತ್ತದೆಂಬುದನ್ನು ಮರೆಯುತ್ತೇವೆ. ಮಾಣಿಲದಂತಹ ಕಡೆ ಗುಡ್ಡ ಕೊರೆದು ತಂದ ಸುರಂಗದ ನೀರು ಸ್ಫಟಿಕದಂತಿರುತ್ತದೆ. ಅದು ತೆರೆದ ಟ್ಯಾಂಕಿಗೆ ಬಿದ್ದ ಮೇಲೆ ಹಕ್ಕಿಗೂ ಮಂಗನಿಗೂ ನಾಯಿಗೂ ಸಮಾನ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಿಗೆ ನೆರೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೆರೆಯ ನೀರು ಒಮ್ಮೆ ಬಾವಿಗೆ ಇಳಿದರೆ ಎಲ್ಲ ಹಟ್ಟಿಗಳ ಸಗಣಿಯೂ ಎಲ್ಲರ ಬಾವಿಗೆ ಬಂದಂತೆಯೇ.

ಘಟ್ಟದ ಮೇಲಿನ ನಮ್ಮ ಭಕ್ತರು ವರ್ಷಕ್ಕೊಮ್ಮೆಯಾದರೂ ಧರ್ಮಸ್ಥಳಕ್ಕೆ ಬಂದು ನೇತ್ರಾವತಿಯಲ್ಲಿ ಮೀಯುತ್ತಾರೆ. ಮೀಯಲಿ. ಆದರೆ ಮಕ್ಕಳು ನದಿಯ ನೀರನ್ನು ನುಂಗದಂತೆ ನೋಡಿಕೊಳ್ಳಬೇಕು. ಭೇದಿಯಿರುವವರು, ಭೇದಿ ನಿಂತು ಎರಡು ವಾರ ಕಳೆಯದವರು ನದಿಗೂ ಪುಷ್ಕರಿಣಿಗೂ ಇಳಿಯಬಾರದು. ರೋಗ ವಾಸಿಯಾದ ಮೇಲೂ ಕೆಲವು ದಿನ ಕಣಗಳು ಮಲದಲ್ಲಿ ಹೋಗುತ್ತಿರುತ್ತವೆ. ಕೆಳಗಡೆ ತುಂಬೆಯ ಅಣೆಕಟ್ಟೆಯಲ್ಲಿ ನಿಂತ ಅದೇ ನೀರು ಮಂಗಳೂರಿನ ಮನೆಮನೆಗೆ ಹೋಗುತ್ತದೆ. ಮೇಲಿನವರ ಶುಚಿಯೇ ಕೆಳಗಿನವರ ಆರೋಗ್ಯ.

ಇನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತು. ತೀರ್ಥದ ನೀರಿಗೆ ದೋಷವಿಲ್ಲ, ಅದನ್ನು ಕುದಿಸುವುದು ಅಪಚಾರ ಎಂದು ಹಲವು ಹಿರಿಯರು ನಮ್ಮೊಡನೆ ವಾದಿಸಿದ್ದಾರೆ. ಅಷ್ಟಾವರಣಗಳಲ್ಲಿ ಪಾದೋದಕಕ್ಕಿರುವ ಸ್ಥಾನವನ್ನು ಅರಿಯದವರು ನಾವಲ್ಲ. ಬಾಲ್ಯದಿಂದ ಅದನ್ನು ಸ್ವೀಕರಿಸುತ್ತ ಬಂದವರು. ಪಾದೋದಕದ ಮಹಿಮೆ ಶ್ರದ್ಧೆಯ ವಿಷಯ, ಅದನ್ನು ಅಳೆಯುವ ಅಧಿಕಾರ ವೈದ್ಯನಿಗಿಲ್ಲ. ಆದರೆ ಅದಕ್ಕೆ ಬಳಸುವ ನೀರು ಎಲ್ಲಿಂದ ಬಂತು, ಯಾವ ಪಾತ್ರೆಯಲ್ಲಿ ನಿಂತಿತ್ತು ಎಂಬುದು ವೈದ್ಯನ ವಿಷಯ. ಪೂಜೆಗೆ ಶುಚಿಯಾದ ಅಗ್ರೋದಕವನ್ನು ತರಬೇಕೆಂಬ ನಿಯಮವೇ ಇರುವಾಗ, ಇಂದಿನ ಕಾಲದಲ್ಲಿ ಶುಚಿಯೆಂದರೆ ಕುದಿಸಿ ಆರಿಸಿದ್ದು ಎಂದು ತಿಳಿಯುವುದರಲ್ಲಿ ಅಪಚಾರವೇನಿದೆ? ಹತ್ತಿಪ್ಪತ್ತು ಜನರಿಗೆ ಕೊಡುವ ತೀರ್ಥದಲ್ಲಿ ಎಳೆಯ ಮಗುವಿಗೂ, ಬಸುರಿಗೂ, ಸಕ್ಕರೆ ಕಾಯಿಲೆಯ ವೃದ್ಧರಿಗೂ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಪಾಲಿದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಕ್ರಿಪ್ಟೋಸ್ಪೊರಿಡಿಯಮ್ ಭೇದಿ ತಾನಾಗಿ ನಿಲ್ಲದೆ ಪ್ರಾಣಕ್ಕೇ ಎರವಾಗಬಲ್ಲುದು. ಅವರನ್ನು ನೆನೆದು ನೀರನ್ನು ಒಲೆಯ ಮೇಲಿಡುವುದೂ ಒಂದು ದಾಸೋಹವೆಂದೇ ನಮ್ಮ ನಂಬಿಕೆ.

ಚಿಕಿತ್ಸೆಯ ಕುರಿತು ಎರಡು ಮಾತು. ಆಯುರ್ವೇದದಲ್ಲಿ ಅತಿಸಾರಕ್ಕೆ ಕುಟಜ ಪ್ರಸಿದ್ಧ, ಕನ್ನಡದಲ್ಲಿ ಕೊಡಸಿಗ. ಅದರ ಒಣಗಿಸಿದ ಹೂವಿನ ತಂಬುಳಿ ಈ ಕಡೆಯ ಮನೆಗಳಲ್ಲಿ ರೂಢಿಯಲ್ಲಿದೆ. ತೊಗಟೆಯಲ್ಲಿರುವ ಕೊನೆಸ್ಸೀನ್ ಎಂಬ ಸಾರವನ್ನು ಅಮೀಬಾದ ಆಮಶಂಕೆಗೆ ಆಧುನಿಕ ವೈದ್ಯರೂ ಒಂದು ಕಾಲದಲ್ಲಿ ಬಳಸಿದ್ದುಂಟು. ಆದರೆ ಕುಟಜವನ್ನು ಎಲ್ಲ ಭೇದಿಗೂ ರಾಮಬಾಣವೆಂದು ಮಾರುವವರನ್ನು ನಂಬಬೇಡಿರಿ. ಆಮದೋಷವಿರುವ ಆರಂಭದಲ್ಲಿ ಭೇದಿಯನ್ನು ಕಟ್ಟಬಾರದೆಂಬುದು ಆಯುರ್ವೇದದ್ದೇ ನಿಯಮ. ಹಾಗೆಯೇ ಅಂಗಡಿಯಲ್ಲಿ ಕೇಳಿ ತರುವ ಮೆಟ್ರೊನಿಡಜೋಲ್ ಮಾತ್ರೆ ಅಮೀಬಾ, ಜಿಯಾರ್ಡಿಯಾಗಳಿಗೆ ಕೆಲಸ ಮಾಡೀತು, ಕ್ರಿಪ್ಟೋಸ್ಪೊರಿಡಿಯಮ್‌ಗೆ ಮಾಡದು. ಮೇಲೆ ಹೇಳಿದ ಬಾಲಕನಿಗೆ ಕೊಟ್ಟಿದ್ದು ಅದನ್ನೇ. ಯಾವ ಕ್ರಿಮಿ ಎಂದು ತಿಳಿಯದೆ ಔಷಧ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ. ಸಾಮಾನ್ಯ ಮಲಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳಬಹುದಾದ್ದರಿಂದ, ಭೇದಿ ವಾರ ದಾಟಿದರೆ ವೈದ್ಯರಲ್ಲಿ ವಿಶೇಷ ಪರೀಕ್ಷೆಯ ಬಗ್ಗೆ ಕೇಳಬೇಕು. ಮನೆಯಲ್ಲಿ ಕರುವಿಗೆ ಭೇದಿಯಿದ್ದರೆ ಅದನ್ನೂ ಹೇಳಬೇಕು.

ಭೇದಿಯಲ್ಲಿ ಮಗುವಿನ ಪ್ರಾಣ ತೆಗೆಯುವುದು ಹೆಚ್ಚಾಗಿ ಕ್ರಿಮಿಯಲ್ಲ, ದೇಹದ ನೀರು ಬತ್ತುವುದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕೊಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜೊತೆಗೆ ಕುಚ್ಚಲಕ್ಕಿ ಗಂಜಿಯ ತಿಳಿ ಕೊಡಬಹುದು. ಎದೆಹಾಲನ್ನು ನಿಲ್ಲಿಸಕೂಡದು. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆಂದು ಯಾರೂ ಆಶ್ಚರ್ಯಪಡಬೇಕಾಗಿಲ್ಲ.

ಪ್ರಾಣಿ ಸಾಕುವವರು ಕೆಲವು ಕ್ರಮಗಳನ್ನು ಅನುಸರಿಸಬೇಕು. ಕರು ಹುಟ್ಟಿದ ಮೊದಲ ಗಂಟೆಗಳಲ್ಲಿಯೇ ಗಿಣ್ಣುಹಾಲು ಹೊಟ್ಟೆ ತುಂಬ ಸಿಗಬೇಕು. ಗಿಣ್ಣೆಲ್ಲ ನಮ್ಮ ತಟ್ಟೆಗೆ ಬರಬಾರದು. ಭೇದಿಯಾದ ಕರುವನ್ನು ಬೇರೆ ಕಟ್ಟಿ, ಅದರ ಆರೈಕೆಯ ಬಳಿಕ ಸೋಪು ಹಚ್ಚಿ ಕೈ ತೊಳೆಯಬೇಕು. ಚಿಕ್ಕ ಮಕ್ಕಳನ್ನು ಅದರ ಹತ್ತಿರ ಬಿಡಬಾರದು. ಕೋಳಿ, ಬಾತುಗಳ ಗೂಡನ್ನು ದಿನವೂ ಗುಡಿಸಿ ಒಣಗಿಸಿಡಬೇಕು. ಐಮೀರಿಯಾ ಕಣಗಳು ಹಿಕ್ಕೆಯಿಂದ ಹೊರಬಿದ್ದ ಮೇಲೆ ತೇವದಲ್ಲಿ ಒಂದೆರಡು ದಿನ ಪಕ್ವವಾದರಷ್ಟೇ ಸೋಂಕು ಹರಡುತ್ತವೆ. ಒಣನೆಲವೇ ಅಲ್ಲಿ ಮೊದಲ ಮದ್ದು. ಬಾವಿಗೆ ಎತ್ತರದ ಕಟ್ಟೆಯೂ ಮುಚ್ಚಳವೂ ಇರಲಿ. ಹಟ್ಟಿಯ ಗಲೀಜು ಬಾವಿಯಿಂದ ಕೆಳಗಡೆಗೆ ಹರಿಯುವಂತೆ ಚರಂಡಿ ತಿರುಗಿಸಬೇಕು. ಕ್ರಿಮಿರೋಗಕ್ಕೆ ಚರಕರು ಹೇಳಿದ ಮೂರು ಉಪಾಯಗಳಲ್ಲಿ ಕ್ರಿಮಿಯನ್ನು ಹೊರತೆಗೆಯುವುದು ಮೊದಲನೆಯದು, ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು ಎರಡನೆಯದು, ರೋಗಕಾರಣವನ್ನೇ ವರ್ಜಿಸುವುದು ಮೂರನೆಯದು. ಮೂರನೆಯದಕ್ಕೆ ವೈದ್ಯ ಬೇಕಿಲ್ಲ, ಗುದ್ದಲಿ ಸಾಕು.

ಆ ಬಾಲಕನ ತಂದೆ ಮಳೆ ನಿಂತ ಮೇಲೆ ಗೊಬ್ಬರದ ಗುಂಡಿಯನ್ನು ಬಾವಿಯ ಕೆಳಗಡೆಗೆ ಸರಿಸಿದರು. ಮನೆಯಲ್ಲಿ ಎಲ್ಲರಿಗೂ ಒಂದೇ ಹಂಡೆಯ ಕುದಿಸಿದ ನೀರು. ಮದಕಕ್ಕೆ ಯಾರೂ ಪುಡಿ ಸುರಿಯಲಿಲ್ಲ. ಈಚೆಗೆ ಮಂಡಿನೋವಿಗೆ ತೈಲ ಒಯ್ಯಲು ಬಂದಿದ್ದ ಅಜ್ಜಿ, ಮೊಮ್ಮಗ ಹಟ ಹಿಡಿದನೆಂದು ಮತ್ತೆರಡು ಬಾತುಮರಿ ತಂದದ್ದನ್ನು ಸಂಕೋಚದಿಂದಲೇ ಹೇಳಿದರು. ಸಂಕೋಚ ಬೇಡ, ಗೂಡು ಮಾತ್ರ ಒಣಗಿರಲಿ ಎಂದೆವು.

ಈ ವರ್ಷದ ಮಳೆ ಹಿಡಿಯುವ ಮುನ್ನ ಭಕ್ತರೆಲ್ಲ ತಮ್ಮ ಮನೆಯ ಬಾವಿಯ ಸುತ್ತ ಒಮ್ಮೆ ನಡೆದು ನೋಡಬೇಕು, ಶಾಖಾಮಠಗಳಲ್ಲಿಯೂ ದಾಸೋಹದ ಮನೆಯ ಕುಡಿಯುವ ನೀರಿಗೆ, ತೀರ್ಥದ ನೀರಿಗೆ ಒಂದು ದೊಡ್ಡ ಹಂಡೆಯನ್ನು ಮೀಸಲಿಡಬೇಕೆಂಬುದು ನಮ್ಮ ವಿನಂತಿ.